ಹೆಸರಿಲ್ಲದ ಹಳ್ಳಕ್ಕೆ ಹನ್ನೊಂದು ಹೆಸರು

ಮೊದಲ ಸಲ ಜುಲೈಯಲ್ಲಿ ಹೊರಟಿದ್ದೇ ತಪ್ಪು. ತೋಟದ ಕೆಳಗಿನ ಹಳ್ಳವನ್ನು ಹುಟ್ಟಿದಲ್ಲಿಂದ ಹೊಳೆ ಸೇರುವವರೆಗೆ ನಡೆದು ಒಂದು ನಕಾಶೆ ಬರೆಯಬೇಕು ಅನ್ನುವ ಹುಕಿ ನನಗೆ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಕಾಲಿಗೆ ಹತ್ತಿದ ಉಂಬಳಗಳ ಲೆಕ್ಕ ತಪ್ಪಿತು, ಹಾಸುಗಲ್ಲಿನ ಮೇಲೆ ಜಾರಿ ಫೋನು ನೀರುಪಾಲಾಯಿತು. ಹಳ್ಳ ಅಳೆಯುವವರು ಫೆಬ್ರವರಿಯಲ್ಲಿ ಹೊರಡಬೇಕು. ಆಗ ತಳ ಕಾಣುತ್ತದೆ. ಯಾವ ಒರತೆಗೆ ಜೀವ ಇದೆ, ಯಾವುದು ಬರೀ ಮಳೆಗಾಲದ ಆರ್ಭಟ ಅನ್ನುವುದೂ ಗೊತ್ತಾಗುತ್ತದೆ.

ಗ್ರಾಮ ನಕಾಶೆಯಲ್ಲಿ ಅದು ಒಂದು ಡೊಂಕು ಗೆರೆ, ಅಷ್ಟೆ. ದೊಡ್ಡಪ್ಪನನ್ನು ಕೇಳಿದರೆ, "ಹಳ್ಳಕ್ಕೆ ಎಂತ ಹೆಸ್ರಾ ತಮಾ? ಹಳ್ಳ ಹೇಳೇ ಹೇಳದು" ಎಂದು ಕವಳ ಉಗಿಯಲು ಎದ್ದುಹೋದ.

ಶಿರಸಿ ತಾಲೂಕಿನಲ್ಲಿ ಹಳ್ಳ ಯಾವ ಕಡೆಗೆ ಹರಿಯುತ್ತದೆ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ಪೇಟೆಯ ಶಂಕರಹೊಂಡದ ನೀರು ಅಘನಾಶಿನಿಯಾಗಿ ಪಶ್ಚಿಮಕ್ಕೆ ಹೋಗುತ್ತದೆ. ಸಹಸ್ರಲಿಂಗದ ಶಾಲ್ಮಲೆ ಬೇಡ್ತಿಗೆ ಕೂಡಿ ಗಂಗಾವಳಿಯಾಗುತ್ತದೆ. ಬನವಾಸಿಯ ವರದಾ ಇವೆರಡಕ್ಕೂ ಬೆನ್ನು ಹಾಕಿ ಪೂರ್ವಕ್ಕೆ ಹೊರಟು ತುಂಗಭದ್ರೆ ಸೇರುತ್ತದೆ, ಅಂದರೆ ಅದರ ನೀರಿನ ದಾರಿ ಬಂಗಾಳ ಕೊಲ್ಲಿಗೆ. ನಮ್ಮದು ಅಘನಾಶಿನಿಯ ಪಾಲು. ಆ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯಲ್ಲಿ ಒಂದೂ ಅಣೆಕಟ್ಟು ಕಾಣದೆ ತದಡಿಯ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿದ್ದು ಹೊಳೆ ಸಮುದ್ರ ಕೂಡುವ ಆ ಅಳಿವೆಯೇ. ಅಲ್ಲಿನ ಗಜನಿಯಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗುಗದ್ದೆಯಲ್ಲಿ, ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತಕ್ಕೂ ಮೇಲಿಂದ ಇಷ್ಟು ಸಿಹಿನೀರು ಬೇಕೇ ಬೇಕು.

ಫೆಬ್ರವರಿಯಲ್ಲಿ 50 ಮೀಟರಿನ ಹಗ್ಗ, ಒಂದು ನೋಟುಬುಕ್ಕು, ನಾಲ್ಕು ನಿಂಬೆಹಣ್ಣು ಹಿಡಿದು ಭಾವನ ಮಗನ ಜೊತೆ ಮತ್ತೆ ಇಳಿದೆ. ಹಗ್ಗ ಉದ್ದಕ್ಕೆ, ನಿಂಬೆಹಣ್ಣು ನೀರಿನ ಲೆಕ್ಕಕ್ಕೆ. ಹಳ್ಳ ನೇರವಾಗಿರುವ ಕಡೆ 10 ಮೀಟರ್ ಗುರುತು ಮಾಡಿ ಹಣ್ಣು ತೇಲಿಬಿಟ್ಟೆವು. 50 ಸೆಕೆಂಡು ಹಿಡಿಯಿತು. ಅಗಲ 60 ಸೆಂಟಿಮೀಟರ್, ಆಳ ಸರಾಸರಿ 8. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುತ್ತದೆ, ಅದಕ್ಕೆ ಐದರಲ್ಲಿ ಒಂದು ಪಾಲು ಕಳೆದರೆ ಸೆಕೆಂಡಿಗೆ 8 ಲೀಟರಿಗೆ ಸ್ವಲ್ಪ ಕಡಿಮೆ. ಏಳು ಪಂಪ್‌ಸೆಟ್ ದಾಟಿ ಕೆಳಗೆ ಅಳೆದಾಗ ಉಳಿದದ್ದು 3 ಲೀಟರ್. ಆ ಏಳರಲ್ಲಿ ಒಂದು ನನ್ನದೇ.

ಉದ್ದ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ ಬಂತು. ಹೆಸರು ಸಿಕ್ಕಿದ್ದು ಮಾತ್ರ ತೋಟದ ಯಜಮಾನರಿಂದಲ್ಲ, ಕೆಳಗಿನ ಕೇರಿಯಿಂದ ಏಡಿ ಹಿಡಿಯಲು ಬರುವ ಅಜ್ಜಿಯಿಂದ. ಹಳ್ಳದ ಹೆಸರು ಕೇಳಬಾರದಿತ್ತು, ಗುಂಡಿಗಳ ಹೆಸರು ಕೇಳಬೇಕಿತ್ತು. ಎಮ್ಮೆಗುಂಡಿ, ಬಾಣಂತಿಗುಂಡಿ, ಅಗಸನ ಹಾಸು, ಮುಂಡಿಗೆಮೂಲೆ... ಅಜ್ಜಿ ಬೆರಳು ಮಡಚುತ್ತ ಹನ್ನೊಂದು ಹೇಳಿದಳು. ಬಾಣಂತಿಗುಂಡಿ ಅಂತ ಯಾಕೆ ಅಂದರೆ "ಅದ್ನೆಲ್ಲ ಕೇಳ್ಬಾರ್ದು" ಅಂದಳು.

ಒಂದು ಜಾಗಕ್ಕೆ ಹೇರೆತ್ತಿನ ಕಡವು ಎಂದು ಹೆಸರು, ಅಂದರೆ ಹೇರು ಹೊತ್ತ ಎತ್ತುಗಳು ಹಳ್ಳ ದಾಟುತ್ತಿದ್ದ ಜಾಗ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲವೊಂದಿತ್ತು. ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. ನಮ್ಮ ಕಡವಿನಲ್ಲಿ ದಾಟಿದ್ದು ಹತ್ತಿಯೋ, ಇಲ್ಲಿಯ ಮೆಣಸು ಅಡಿಕೆಯೋ, ವಾಪಸು ಬಂದ ಉಪ್ಪೋ, ಹೇಳುವವರು ಯಾರೂ ಉಳಿದಿಲ್ಲ. ದಡದ ಕಲ್ಲು ಮಾತ್ರ ಒಂದೇ ಗೆರೆಯಲ್ಲಿ ಸವೆದು ನುಣುಪಾಗಿದೆ. ಅದನ್ನು ತೋರಿಸಿದ ಮೇಲೆ ದೊಡ್ಡಪ್ಪನಿಗೂ ನಾಲ್ಕು ಹೆಸರು ನೆನಪಾದವು!

ಪ್ರಾಣಿಗಳ ಪಟ್ಟಿ ದೊಡ್ಡದಿಲ್ಲ. ಎಮ್ಮೆಗುಂಡಿಯ ಬಂಡೆ ಮೇಲೆ ನೀರುನಾಯಿಯ ಹಿಕ್ಕೆ ಸಿಕ್ಕಿತು. ಕಡ್ಡಿಯಲ್ಲಿ ಬಿಡಿಸಿದರೆ ಪೂರ್ತಿ ಏಡಿಚಿಪ್ಪಿನ ಚೂರು. ಅಜ್ಜಿಗೆ ಹೇಳಿದೆ, "ನನ್ ಪಾಲು ತಿಂದದೆ" ಎಂದು ಬೈದಳು.

ನಾನು ಕಣ್ಣರಳಿಸಿ ನೋಡಿದ್ದು ಕಪ್ಪೆಯನ್ನು. ಮರುವರ್ಷ ಜುಲೈಯ ಒಂದು ರಾತ್ರಿ, ಪಕ್ಕದವರ ಗಡಿಯಲ್ಲಿ, ನೀರಿಗಿಂತ ಗೇಣು ಮೇಲೆ ಬಾಗಿದ ಒಣ ಕಡ್ಡಿಯಲ್ಲಿ ಮಣ್ಣಿನ ಉಂಡೆ ಕಂಡಿತು. ಮಕ್ಕಳು ಮೆತ್ತಿದ್ದಿರಬೇಕು ಅಂದುಕೊಂಡೆ. ಟಾರ್ಚು ಹತ್ತಿರ ಹಿಡಿದರೆ ಹೆಬ್ಬೆರಳಿನಷ್ಟು ಕಪ್ಪೆಯೊಂದು ಹಿಂಗಾಲಿನ ಮೇಲೆ ನಿಂತು, ಮುಂಗೈಯಲ್ಲಿ ತಳದ ಕೆಸರು ತೆಗೆದು ಮೊಟ್ಟೆಗೆ ಸವರುತ್ತಿತ್ತು. ಒಂದು ಹಿಡಿ, ಮತ್ತೊಂದು ಹಿಡಿ, ಥೇಟ್ ಮಡಕೆ ಮಾಡುವವರ ಹಾಗೆ. ಕುಂಬಾರ ಕಪ್ಪೆ. ನಮ್ಮ ಜಿಲ್ಲೆಯ ಕತ್ತಲೆಕಾನಿನ ಕಡೆಯಿಂದ 2014ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಜೀವಿ. ಮೊಟ್ಟೆಗೆ ಮಣ್ಣು ಮೆತ್ತುವುದು ಗಂಡು.

ನಮ್ಮ ಗಡಿಯಲ್ಲಿ ಅಂಥ ಒಂದು ಉಂಡೆಯೂ ಇರಲಿಲ್ಲ. ಕಾರಣ ಹೊಳೆದಾಗ ಮುಖ ಸಣ್ಣದಾಯಿತು. ಪ್ರತಿ ಜೂನ್ ಮೊದಲ ವಾರ ಆಳು ಹಾಕಿ, ನೀರು ಸರಾಗ ಹೋಗಲಿ ಎಂದು ಹಳ್ಳದ ಒಣ ಟೊಂಗೆ, ಬಿದಿರು, ವಾಟೆ ಎಲ್ಲ ಎಳೆದು ದಡಕ್ಕೆ ಹಾಕಿಸುವವನು ನಾನೇ. ಪಕ್ಕದವರು ಸೋಮಾರಿಗಳು ಎಂದು ಊರಿಡೀ ಹೇಳಿಕೊಂಡು ತಿರುಗಿದವನೂ ನಾನೇ.

ಕಳೆದ ಜೂನಿನಲ್ಲಿ ಕೆಳಗಿನ ನೂರು ಮೀಟರ್ ಮುಟ್ಟಲಿಲ್ಲ. ಮಳೆ ಜೋರಾದಾಗ ಕಸ ಕಟ್ಟಿ, ತೋಟದ ಅಂಚಿನ ಎರಡು ಸಾಲಿಗೆ ಹಳ್ಳದ ನೀರು ನುಗ್ಗಿತು. ದೊಡ್ಡಪ್ಪ ಮೂರು ದಿನ ಮಾತಾಡಲಿಲ್ಲ. ಜುಲೈ ಕೊನೆಗೆ ಎಣಿಸಿದಾಗ ಕಡ್ಡಿಗಳ ಮೇಲೆ ನಾಲ್ಕು ಉಂಡೆ ಇದ್ದವು. ಒಂದನ್ನು ಟಾರ್ಚು ಬಿಟ್ಟು ದೊಡ್ಡಪ್ಪನಿಗೂ ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿ, "ಮುಂದಿನ ವರ್ಷ ಐವತ್ತೇ ಮೀಟರ್ ಬಿಡು" ಅಂದ.