ಬಿಸಿಲು ನೋಡಿ ಹಾಕಿಕೊಂಡ ಯೋಜನೆ: ಓಸ್ಲೊದಲ್ಲಿ ನನ್ನ ನಾಲ್ಕು ದಿನ

ನಾನು ನಾರ್ವೆಯ ರಾಜಧಾನಿ ಓಸ್ಲೊ ತಲುಪಿದ್ದು ಜೂನ್ ತಿಂಗಳ ಕೊನೆಯ ಒಂದು ಭಾನುವಾರದ ಮಧ್ಯಾಹ್ನ. ಕೈಯಲ್ಲಿದ್ದುದು ನಾಲ್ಕು ದಿನ, ಬಂದ ಉದ್ದೇಶ ಶಿಲ್ಪ ಮತ್ತು ಕಟ್ಟಡಗಳನ್ನು ಬಿಡುವಾಗಿ ನೋಡುವುದು. ಹೊರಡುವ ಮೊದಲೇ ಒಂದು ಪಟ್ಟಿ ಸಿದ್ಧಪಡಿಸಿಕೊಂಡಿದ್ದೆ. ಹೆಚ್ಚು ಹೆಸರುವಾಸಿಯಾದದ್ದು ಮೊದಲು, ಕಡಿಮೆ ಹೆಸರಾದದ್ದು ಆಮೇಲೆ ಎಂಬುದೇ ಅದರ ಕ್ರಮವಾಗಿತ್ತು. ಹಾಗಾಗಿ ಕೋಣೆಯಲ್ಲಿ ಸಾಮಾನು ಇಟ್ಟವನೇ ಅಂದು ಸಂಜೆ ಎಂಟು ಗಂಟೆಯ ಹೊತ್ತಿಗೆ ಫ್ರಾಗ್ನರ್ ಉದ್ಯಾನದೊಳಗಿರುವ, ನಾರ್ವೆಯ ಶಿಲ್ಪಿ ಗುಸ್ತಾವ್ ವಿಗೆಲ್ಯಾಂಡ್ ಅವರ ಶಿಲ್ಪವನಕ್ಕೆ ಹೋದೆ.

ಆ ಶಿಲ್ಪವನದ ವಿನ್ಯಾಸ ಒಂದೇ ನೇರ ಗೆರೆಯ ಮೇಲೆ ನಿಂತಿದೆ. ಕಬ್ಬಿಣ ಮತ್ತು ಕಲ್ಲಿನ ಹೆಬ್ಬಾಗಿಲು, ಸೇತುವೆ, ಕಾರಂಜಿ, ಮೆಟ್ಟಿಲುಗಳ ದಿಬ್ಬದ ಮೇಲಿನ ಏಕಶಿಲಾ ಸ್ತಂಭ, ಕೊನೆಯಲ್ಲಿ ಮನುಷ್ಯರೇ ಒಬ್ಬರನ್ನೊಬ್ಬರು ಹಿಡಿದು ವೃತ್ತವಾದ ಬದುಕಿನ ಚಕ್ರ, ಇವೆಲ್ಲವೂ ಸುಮಾರು 850 ಮೀಟರ್ ಉದ್ದದ ಆ ಗೆರೆಯ ಮೇಲೆ ಆಗ್ನೇಯದಿಂದ ವಾಯವ್ಯಕ್ಕೆ ಸಾಗುತ್ತವೆ. ಇದನ್ನು ನಾನು ಓದಿ ತಿಳಿದಿದ್ದೆ, ಆದರೆ ಅದರ ಅರ್ಥವನ್ನು ಯೋಚಿಸಿರಲಿಲ್ಲ. ಜೂನ್ ತಿಂಗಳ ಸಂಜೆ ಅಲ್ಲಿ ಸೂರ್ಯನೂ ವಾಯವ್ಯದತ್ತಲೇ ಇಳಿಯುತ್ತಾನೆ. ಹೆಬ್ಬಾಗಿಲಿನಿಂದ ನಡೆದು ಬಂದ ನನಗೆ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಸ್ತಂಭ ಆಕಾಶದ ಎದುರು ಒಂದು ಕಪ್ಪು ಕಂಬದಂತೆ ಕಂಡಿತೇ ಹೊರತು ಅದರ ಮೇಲಿನ 121 ಆಕೃತಿಗಳಲ್ಲಿ ಒಂದು ಮುಖವೂ ಸ್ಪಷ್ಟವಾಗಲಿಲ್ಲ. ದೂರದಿಂದ ಬಂದು, ನೋಡಬೇಕಾದದ್ದರ ಎದುರಿಗೇ ನಿಂತು, ನೋಡಲಾಗದೆ ಹಿಂತಿರುಗಿದ ಬೇಸರ ಸಣ್ಣದಲ್ಲ.

ಆ ರಾತ್ರಿ ಪಟ್ಟಿಯನ್ನು ಬದಿಗಿಟ್ಟು ನಗರದ ನಕ್ಷೆಯನ್ನು ಹರಡಿಕೊಂಡು ಕುಳಿತೆ. ಓಸ್ಲೊ ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಕೊನೆಯಲ್ಲಿ ಬೆಳಗಿನ ನಾಲ್ಕರ ಸುಮಾರಿಗೆ ಹುಟ್ಟುವ ಸೂರ್ಯ ರಾತ್ರಿ ಹತ್ತೂವರೆಯಾದ ಮೇಲೆ ಮುಳುಗುತ್ತಾನೆ. ಸಂಗ್ರಹಾಲಯಗಳು ಹಗಲಿನ ಕೆಲವೇ ಗಂಟೆ ತೆರೆದಿರುತ್ತವೆ, ಆದರೆ ಅಲ್ಲಿನ ಎರಡು ದೊಡ್ಡ ಶಿಲ್ಪೋದ್ಯಾನಗಳಿಗೆ ಬಾಗಿಲು ಹಾಕುವ ವೇಳೆಯೇ ಇಲ್ಲ. ಅಂದರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲನ್ನೆಲ್ಲ ಬಯಲಿನ ಶಿಲ್ಪಗಳಿಗೆ ಕೊಟ್ಟು, ನೆತ್ತಿಯ ಬಿಸಿಲಿನ ಹೊತ್ತನ್ನೂ ಮಳೆಯ ಹೊತ್ತನ್ನೂ ಕಟ್ಟಡಗಳ ಒಳಾಂಗಣಕ್ಕೆ ಇಟ್ಟುಕೊಳ್ಳಬಹುದು. ನಕ್ಷೆಯಲ್ಲಿ ಪ್ರತಿ ಜಾಗದ ಪಕ್ಕದಲ್ಲೂ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಬಾಣದ ಗುರುತಿನಿಂದ ಬರೆದುಕೊಂಡೆ. ದಿನಕ್ಕೆ ಒಂದು ಉದ್ಯಾನ, ಎರಡು ಕಟ್ಟಡ, ಅದಕ್ಕಿಂತ ಹೆಚ್ಚಿಲ್ಲ ಎಂದು ಮಿತಿ ಹಾಕಿಕೊಂಡೆ. ಮೂರನೆಯ ಕಟ್ಟಡಕ್ಕೆ ಬರುವಷ್ಟರಲ್ಲಿ ಕಣ್ಣು ನೋಡುತ್ತಿದ್ದರೂ ಮನಸ್ಸು ನೋಡುವುದನ್ನು ನಿಲ್ಲಿಸಿರುತ್ತದೆ ಎಂಬುದು ಹಿಂದಿನ ಪ್ರವಾಸಗಳಲ್ಲಿ ನಾನು ಕಂಡುಕೊಂಡ ವಿಷಯ.

ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ಹೆಬ್ಬಾಗಿಲಿನಲ್ಲಿದ್ದೆ. ಈಗ ಬಿಸಿಲು ಬಲಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ನೂರು ಮೀಟರ್ ಉದ್ದದ ಸೇತುವೆಯ ಎರಡೂ ಅಂಚಿನಲ್ಲಿ ನಿಂತ 58 ಕಂಚಿನ ಆಕೃತಿಗಳ ಬೆನ್ನು, ಪಕ್ಕೆ, ಮೊಣಕಾಲುಗಳೆಲ್ಲ ನೆರಳು ಬೆಳಕಿನಲ್ಲಿ ಉಬ್ಬಿ ಬಂದಿದ್ದವು. ಮುಷ್ಟಿ ಬಿಗಿದು, ಒಂದು ಕಾಲೆತ್ತಿ, ರಚ್ಚೆ ಹಿಡಿದು ಅಳುತ್ತಿರುವ ಆ ಪ್ರಸಿದ್ಧ ಪುಟ್ಟ ಹುಡುಗನ ಹತ್ತಿರ ಆಗ ಯಾರೂ ಇರಲಿಲ್ಲ. ಮೈಯೆಲ್ಲ ಕಪ್ಪುಗಟ್ಟಿದ ಕಂಚು, ಆದರೆ ಬಂದವರೆಲ್ಲ ಹಿಡಿದು ಹಿಡಿದು ಒಂದು ಕೈ ಮಾತ್ರ ಉಜ್ಜಿದ ಹಿತ್ತಾಳೆ ಪಾತ್ರೆಯಂತೆ ಹಳದಿಯಾಗಿ ಹೊಳೆಯುತ್ತಿತ್ತು. ಮುಟ್ಟುವುದನ್ನು ನಾನು ಬೆಂಬಲಿಸುವುದಿಲ್ಲ. ಆದರೂ ಆ ಹೊಳಪಿನಿಂದಾಗಿ ಮಗುವಿನ ಬೆರಳುಗಳ ಮಡಿಕೆಯನ್ನು ಶಿಲ್ಪಿ ಎಷ್ಟು ಎಚ್ಚರದಿಂದ ಗಮನಿಸಿದ್ದಾರೆ ಎಂಬುದು ತಿಳಿಯಿತು.

ಸ್ತಂಭದ ಬುಡದಲ್ಲಿ ಒಂದೂವರೆ ಗಂಟೆ ಕಳೆದೆ. ಸುತ್ತಲಿನ ಮೆಟ್ಟಿಲುಗಳ ಮೇಲೆ 36 ಗ್ರಾನೈಟ್ ಗುಂಪುಗಳಿವೆ: ಮಕ್ಕಳ ರಾಶಿ, ಅಪ್ಪಿಕೊಂಡ ಮುದುಕರು, ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಗಂಡುಹೆಣ್ಣು. ಹೆಚ್ಚಿನವರು ಇವನ್ನು ದಾಟಿ ನೇರವಾಗಿ ಸ್ತಂಭಕ್ಕೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಉದ್ಯಾನದ ಜೀವ ಇರುವುದು ಈ ಗುಂಪುಗಳಲ್ಲಿ. ಗ್ರಾನೈಟ್ ಅಮೃತಶಿಲೆಯಂತೆ ನುಣುಪಾದ ವಿವರಗಳಿಗೆ ಸುಲಭವಾಗಿ ಒಗ್ಗುವ ಕಲ್ಲಲ್ಲ, ಸಣ್ಣ ವಿವರ ಕೆತ್ತಹೋದರೆ ಹರಳು ಸಿಡಿಯುತ್ತದೆ. ಆದ್ದರಿಂದ ಇಲ್ಲಿ ಕಣ್ಣುರೆಪ್ಪೆ, ಕೂದಲು ಇತ್ಯಾದಿಗಳನ್ನು ಬಿಟ್ಟು ಭುಜದ ಬಾಗು, ತಲೆಯ ವಾಲು, ತಬ್ಬಿದ ತೋಳಿನ ಬಿಗಿತಗಳಲ್ಲೇ ಎಲ್ಲವನ್ನೂ ಹೇಳಲಾಗಿದೆ. ಓರೆ ಬಿಸಿಲಿಲ್ಲದಿದ್ದರೆ ಈ ಬಾಗುಗಳು ಬರಿಯ ಬೂದು ಬಣ್ಣದ ಗುಡ್ಡೆಗಳಾಗಿ ಕಾಣುತ್ತವೆ. ಹತ್ತು ಗಂಟೆಗೆ ಪ್ರವಾಸಿ ಬಸ್ಸುಗಳು ಬರತೊಡಗಿದಾಗ ನನ್ನ ನೋಟ ಮುಗಿದಿತ್ತು.

ಪಕ್ಕದಲ್ಲೇ ಇರುವ ವಿಗೆಲ್ಯಾಂಡ್ ಸಂಗ್ರಹಾಲಯಕ್ಕೆ ಅಂದು ಹೋಗಲಿಲ್ಲ, ಏಕೆಂದರೆ ಅದು ಸೋಮವಾರ. ಯುರೋಪಿನ ಬಹಳಷ್ಟು ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಯೋಜನೆ ಹಾಕುವಾಗ ಮೊದಲು ಬರೆದುಕೊಳ್ಳಬೇಕಾದದ್ದು ಇದೇ. ಬದಲಿಗೆ ಬ್ಯೊರ್ವಿಕಾಕ್ಕೆ ಹೋದೆ. ಹಿಂದೆ ಬಂದರು ಮತ್ತು ವಾಹನಗಳಿಗೆ ಮೀಸಲಾಗಿದ್ದ ಈ ಕಡಲಂಚಿನಲ್ಲಿ 2008ರಲ್ಲಿ ಸ್ನೋಹೆಟ್ಟಾ ಸಂಸ್ಥೆ ವಿನ್ಯಾಸಗೊಳಿಸಿದ ಅಪೆರಾ ಭವನ ತೆರೆಯಿತು. 2020ರಲ್ಲಿ ನಗರದ ಮುಖ್ಯ ಗ್ರಂಥಾಲಯವೂ 2021ರಲ್ಲಿ ಚಿತ್ರಕಾರ ಎಡ್ವರ್ಡ್ ಮುಂಕ್ ಅವರ ಕೃತಿಗಳ ಸಂಗ್ರಹಾಲಯದ ಹೊಸ ಕಟ್ಟಡವೂ ಅದರ ನೆರೆಗೆ ಬಂದವು. ಅಪೆರಾ ಭವನದ ಛಾವಣಿ ನೀರಿನಂಚಿನಿಂದಲೇ ಇಳಿಜಾರಾಗಿ ಮೇಲೇರುವ ಬಿಳಿ ಅಮೃತಶಿಲೆಯ ಬಯಲು, ಅದರ ಮೇಲೆ ಯಾರು ಬೇಕಾದರೂ ನಡೆಯಬಹುದು. ಇಟಲಿಯ ಕರಾರಾದ ಆ ಕಲ್ಲು ನಡುಹಗಲಿನಲ್ಲಿ ಕಣ್ಣು ಕೋರೈಸುತ್ತದೆಂದು ಊಹಿಸಿ ಮಧ್ಯಾಹ್ನ ಒಳಗನ್ನು ಮಾತ್ರ ನೋಡಿದೆ. ಹೊರಗಿನ ತಣ್ಣನೆಯ ಬಿಳುಪಿಗೆ ಎದುರಾಗಿ ಒಳಗೆ ಓಕ್ ಮರದ ಪಟ್ಟಿಗಳಿಂದ ಕಟ್ಟಿದ, ಅಲೆಯಂತೆ ಬಾಗಿ ಮೇಲೇರುವ ಗೋಡೆಯಿದೆ. ಅದರ ಬಳಿ ನಿಂತು ಪಟ್ಟಿಗಳ ಜೋಡಣೆಯನ್ನು ನೋಡುವುದಕ್ಕೇ ಅರ್ಧ ಗಂಟೆ ಬೇಕು.

ಛಾವಣಿಗೆ ಹತ್ತಿದ್ದು ರಾತ್ರಿ ಒಂಬತ್ತಕ್ಕೆ. ಆಗ ಕಲ್ಲಿಗೆ ಜೇನಿನ ಬಣ್ಣ ಬಂದಿತ್ತು. ಮೂವರು ಕಲಾವಿದರು ವಾಸ್ತುಶಿಲ್ಪಿಗಳ ಜೊತೆ ಸೇರಿ ಆ ಹಾಸಿನ ವಿನ್ಯಾಸ ಮಾಡಿದ್ದಾರೆ. ಕೆಲವು ಚಪ್ಪಡಿಗಳು ಒರಟು, ಕೆಲವು ನಯ, ಕೆಲವು ಕಡೆ ಒಂದು ಅಂಚು ತುಸು ಎದ್ದಿರುತ್ತದೆ. ಹಗಲಿನಲ್ಲಿ ಎಡವಿದಾಗಷ್ಟೇ ಗೊತ್ತಾಗುವ ಈ ಏರಿಳಿತಗಳು ಸಂಜೆಯ ನೆರಳಿನಲ್ಲಿ ಗೆರೆಗಳಾಗಿ ಬಿಡಿಸಿಕೊಂಡವು. ಇಡೀ ಛಾವಣಿಯೇ ತೆಳುವಾಗಿ ಕೆತ್ತಿದ ಒಂದು ಶಿಲ್ಪವೆಂದು ನನಗೆ ಅನ್ನಿಸಿದ್ದು ಆಗ. ಎದುರಿನ ನೀರಿನಲ್ಲಿ ಮೋನಿಕಾ ಬೊನ್ವಿಚೀನಿ 2010ರಲ್ಲಿ ಸ್ಥಾಪಿಸಿದ ಉಕ್ಕು ಮತ್ತು ಗಾಜಿನ ಕೃತಿ ತೇಲುತ್ತಿತ್ತು. ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ ಬರೆದ ಹಿಮಸಾಗರದ ವರ್ಣಚಿತ್ರವನ್ನು ನೆನಪಿಸುವಂತೆ ಒಡೆದ ಮಂಜುಗಡ್ಡೆಯ ಆಕಾರದ ಈ ಶಿಲ್ಪ ಗಾಳಿ ಮತ್ತು ಉಬ್ಬರವಿಳಿತಕ್ಕೆ ತಕ್ಕಂತೆ ತಾನೇ ತಿರುಗುತ್ತದೆ. ಒಂದು ಗಂಟೆ ಕೂತು ನೋಡಿದರೆ ಮೊದಲು ಕಂಡ ಮೈ ಬೇರೆ, ಕೊನೆಗೆ ಕಂಡ ಮೈ ಬೇರೆ.

ಮಂಗಳವಾರ ಬೆಳಗಿನಿಂದ ಮಳೆ. ಒಳಾಂಗಣಗಳನ್ನು ಕಾದಿಟ್ಟುಕೊಂಡಿದ್ದರಿಂದ ದಿನ ಹಾಳಾಗಲಿಲ್ಲ, ನಗರಸಭಾ ಭವನಕ್ಕೆ ಹೋದೆ. ಆರ್ನ್‌ಸ್ಟೈನ್ ಆರ್ನೆಬೆರ್ಗ್ ಮತ್ತು ಮ್ಯಾಗ್ನುಸ್ ಪೌಲ್ಸನ್ ವಿನ್ಯಾಸಗೊಳಿಸಿದ, 1950ರಲ್ಲಿ ಉದ್ಘಾಟನೆಯಾದ ಈ ಕೆಂಪು ಇಟ್ಟಿಗೆಯ ಜೋಡಿ ಗೋಪುರದ ಕಟ್ಟಡವನ್ನು ಹಲವರು ದೂರದಿಂದಲೇ ನೋಡಿ ಮುನ್ನಡೆಯುತ್ತಾರೆ. ಅದು ದೊಡ್ಡ ನಷ್ಟ. ಪ್ರವೇಶದ ಅಂಗಳದ ಎರಡೂ ಬದಿಯಲ್ಲಿ, ಮಳೆಗೆ ನೆನೆಯದಂತೆ ಮಾಡಿನ ಕೆಳಗೆ, ಡಾಗ್‌ಫಿನ್ ವೆರೆನ್‌ಷೋಲ್ಡ್ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ನಾರ್ಸ್ ಪುರಾಣದ ಫಲಕಗಳಿವೆ. ಕಡಲಿನ ಕಡೆ ಈ ಕಟ್ಟಡವನ್ನು ಕಟ್ಟಿದ ಕುಶಲಕರ್ಮಿಗಳ ಪ್ರತಿಮೆಗಳನ್ನೇ ನಿಲ್ಲಿಸಿದ್ದಾರೆ. 1990ರಿಂದ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಪ್ರದಾನ ಮಾಡುತ್ತಿರುವುದು ಇದರ ದೊಡ್ಡ ಸಭಾಂಗಣದಲ್ಲಿ, ಆ ಪ್ರಶಸ್ತಿಯ ಪದಕವನ್ನು ರೂಪಿಸಿದವರೂ ವಿಗೆಲ್ಯಾಂಡ್ ಅವರೇ. ಹಿಂದಿನ ದಿನ ಗ್ರಾನೈಟಿನಲ್ಲಿ ಕಂಡಿದ್ದ ಕೈಯನ್ನೇ ಇಲ್ಲಿಯೂ ನೆನೆಯುವಂತಾದದ್ದು ನನಗೆ ತುಂಬ ಸಂತೋಷ ಕೊಟ್ಟಿತು.

ಸಂಜೆ ಮಳೆ ನಿಂತ ಮೇಲೆ ಏಕೆಬೆರ್ಗ್ ಗುಡ್ಡಕ್ಕೆ ಟ್ರಾಮ್ ಹಿಡಿದೆ. ನಗರದ ಆಗ್ನೇಯಕ್ಕಿರುವ ಈ ಕಾಡಿನಲ್ಲಿ 2013ರಲ್ಲಿ ಶಿಲ್ಪೋದ್ಯಾನ ತೆರೆಯಿತು. ವಿಗೆಲ್ಯಾಂಡ್ ಉದ್ಯಾನ ಒಬ್ಬನೇ ಶಿಲ್ಪಿಯ ಮನಸ್ಸಿನ ನೇರ ಗೆರೆಯಾದರೆ, ಇಲ್ಲಿ ಫ್ರೆಂಚ್ ಶಿಲ್ಪಿ ರೊಡ್ಯಾನ್‌ನಿಂದ ಹಿಡಿದು ನಮ್ಮ ಕಾಲದವರವರೆಗೆ ಹಲವರ ಕೃತಿಗಳು ಅಂಕುಡೊಂಕಾದ ಕಾಲುದಾರಿಗಳಲ್ಲಿ ಚದುರಿವೆ. ಆದ್ದರಿಂದ ಇದನ್ನು ನೋಡುವ ರೀತಿಯೂ ಬೇರೆ. ಎಲ್ಲವನ್ನೂ ಹುಡುಕಿ ನೋಡುತ್ತೇನೆಂದು ಹೊರಟರೆ ನಕ್ಷೆಯ ಮೇಲೆ ಕಣ್ಣಿಟ್ಟೇ ಸಮಯ ಕಳೆಯುತ್ತದೆ. ಐದು ಕೃತಿಗಳನ್ನು ಆರಿಸಿಕೊಂಡು, ಉಳಿದವು ದಾರಿಯಲ್ಲಿ ಸಿಕ್ಕರೆ ಸಿಗಲಿ ಎಂದು ಬಿಟ್ಟೆ. ಜೇಮ್ಸ್ ಟರೆಲ್ ಹಳೆಯ ನೀರಿನ ತೊಟ್ಟಿಯೊಳಗೆ ಬೆಳಕಿನಿಂದಲೇ ರಚಿಸಿರುವ ಕೃತಿ ನಿಗದಿತ ವೇಳೆಯಲ್ಲಿ ಮಾತ್ರ ತೆರೆದಿರುತ್ತದೆ. ನನ್ನ ದಿನಗಳಿಗೆ ಅದು ಹೊಂದಲಿಲ್ಲ. ಅದನ್ನು ನೋಡಲೇಬೇಕೆನ್ನುವವರು ಆ ವೇಳೆಯನ್ನು ಮೊದಲು ಗೊತ್ತುಮಾಡಿಕೊಂಡು ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸುವುದು ಒಳ್ಳೆಯದು.

ಲೂಯಿಸ್ ಬೂರ್ಜ್ವಾ ಅವರ ಜೋಡಿಯೊಂದು ಅಲ್ಲಿ ಮರಗಳ ನಡುವೆ ತೂಗಾಡುತ್ತದೆ. ಅಲ್ಯೂಮಿನಿಯಂನ ಇಬ್ಬರು, ಸುರುಳಿಗಳಲ್ಲಿ ಸುತ್ತಿಕೊಂಡು ಒಬ್ಬರನ್ನೊಬ್ಬರು ಬಿಡದೆ ಹಿಡಿದಿದ್ದಾರೆ. ಮಳೆ ನಿಂತು ಗಂಟೆ ಕಳೆದಿದ್ದರೂ ಕೆಳಗಿನ ಸುರುಳಿಯ ಅಂಚಿನಲ್ಲಿ ನೀರಿನ ಹನಿ ಕೂಡಿ, ಊದಿ, ಕಳಚಿ ಬೀಳುತ್ತಿತ್ತು. ಪಡುವಣದಿಂದ ಕಾಡಿನೊಳಗೆ ನುಗ್ಗಿದ ಬಿಸಿಲು ಲೋಹದ ಮೈಮೇಲೆ ಎಲೆಗಳ ನೆರಳನ್ನು ಆಡಿಸುತ್ತಿತ್ತು. ಗುಡ್ಡದ ಈ ಬದಿ ನಗರಕ್ಕೂ ಕಡಲಿಗೂ ಮುಖ ಮಾಡಿರುವುದರಿಂದ ಸಂಜೆಯೇ ಇದರ ಸಮಯ. ವಿಗೆಲ್ಯಾಂಡ್ ಉದ್ಯಾನಕ್ಕೆ ಬೆಳಗು, ಏಕೆಬೆರ್ಗ್‌ಗೆ ಸಂಜೆ ಎಂದು ನಕ್ಷೆಯಲ್ಲಿ ಬರೆದುಕೊಂಡಿದ್ದ ಬಾಣಗಳು ಸರಿಯಾಗಿದ್ದವು.

ಬುಧವಾರ, ಕೊನೆಯ ದಿನಕ್ಕೆಂದು ಉಳಿಸಿಕೊಂಡದ್ದು ವಿಗೆಲ್ಯಾಂಡ್ ಸಂಗ್ರಹಾಲಯವೊಂದೇ. 1921ರಲ್ಲಿ ನಗರಾಡಳಿತ ಅವರಿಗೆ ಕಾರ್ಯಾಗಾರ ಮತ್ತು ಮನೆ ಕಟ್ಟಿಕೊಡಲು ಒಪ್ಪಿತು, ಅದಕ್ಕೆ ಪ್ರತಿಯಾಗಿ ಅವರು ತಮ್ಮ ಕೃತಿಗಳನ್ನು ನಗರಕ್ಕೆ ಬಿಟ್ಟುಕೊಟ್ಟರು. ಆ ಕಾರ್ಯಾಗಾರವೇ ಈಗಿನ ಸಂಗ್ರಹಾಲಯ. ಸ್ತಂಭದ ಪೂರ್ಣ ಗಾತ್ರದ ಪ್ಲಾಸ್ಟರ್ ಮಾದರಿ ಅಲ್ಲಿ ಮೂರು ತುಂಡುಗಳಾಗಿ ನಿಂತಿದೆ. ವಿಗೆಲ್ಯಾಂಡ್ ಮೊದಲು ಜೇಡಿಮಣ್ಣಿನಲ್ಲಿ ಅದನ್ನು ರೂಪಿಸಿದರು. ಅದರಿಂದ ತೆಗೆದ ಪ್ಲಾಸ್ಟರ್ ಅಚ್ಚನ್ನು ನೋಡಿಕೊಂಡು ಮೂವರು ಕಲ್ಲುಕುಟಿಗರು 1929ರಿಂದ ಸುಮಾರು 14 ವರ್ಷ ಒಂದೇ ಬಂಡೆಯಲ್ಲಿ ಕೆತ್ತಿದರು. 1943ರಲ್ಲಿ, ಶಿಲ್ಪಿ ತೀರಿಕೊಂಡ ವರ್ಷದಲ್ಲೇ, ಆ ಕೆಲಸ ಮುಗಿಯಿತು. ಉದ್ಯಾನದಲ್ಲಿ ಸ್ತಂಭದ ತುದಿ ತಲೆಯೆತ್ತಿದರೂ ಸರಿಯಾಗಿ ಕಾಣದಷ್ಟು ಮೇಲಿರುತ್ತದೆ. ಇಲ್ಲಿ ಅದೇ ತುದಿಯ ತುಂಡು ನನ್ನ ಕಣ್ಣಿನ ಹತ್ತಿರದಲ್ಲಿತ್ತು, ಅಲ್ಲಿ ಎಲ್ಲರಿಗಿಂತ ಮೇಲಕ್ಕೆ ತಲುಪಿದವರು ಪುಟ್ಟ ಮಕ್ಕಳು.

ಸಂಗ್ರಹಾಲಯದಿಂದ ಹೊರಬಂದಾಗ ವಿಮಾನಕ್ಕೆ ಇನ್ನೂ ಸಮಯವಿತ್ತು. ಮೂರನೆಯ ಸಲ ಆ ಮೆಟ್ಟಿಲುಗಳನ್ನು ಹತ್ತಿ, ಸ್ತಂಭದ ಹಿಂಬದಿಗೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ನಿಂತೆ. ಎಲ್ಲಿ ನೋಡಬೇಕೆಂದು ಈಗ ಗೊತ್ತಿತ್ತು. ಒತ್ತಿ ನಿಂತ ಮೈಗಳ ರಾಶಿಯ ಮೇಲೆ, ಬುಡದಿಂದ ಹದಿನಾಲ್ಕು ಮೀಟರ್ ಎತ್ತರದಲ್ಲಿ, ಆ ಮಕ್ಕಳು ಒಬ್ಬೊಬ್ಬರಾಗಿ ಕಂಡರು.