ವೃತ್ತಿಗೊಬ್ಬ ಕೋಚ್: ಹಣ ಕಟ್ಟುವ ಮುನ್ನ ಏನೇನು ನೋಡಬೇಕು?

ಟೀಮ್ ಲೀಡ್ ಆಗಿ ಬಡ್ತಿ ಸಿಕ್ಕಿದೆ. ಆದರೆ ನಿನ್ನೆಯವರೆಗೆ ಜೊತೆಗೆ ಕೂತು ಕಾಫಿ ಕುಡಿದವರಿಗೆ ಇವತ್ತು ಕೆಲಸ ಹೇಳಲು ನಾಲಿಗೆ ಏಳುತ್ತಿಲ್ಲ. ಇಂಥ ಹೊತ್ತಿನಲ್ಲಿ ಒಳ್ಳೆಯ ಕೋಚ್, ಅಂದರೆ ಪ್ರಶ್ನೆ ಕೇಳುತ್ತಾ ನೀವೇ ದಾರಿ ಕಂಡುಕೊಳ್ಳುವಂತೆ ಮಾಡುವವರು, ನಿಜಕ್ಕೂ ನೆರವಾಗಬಲ್ಲರು. ತೊಡಕೆಂದರೆ, ನಮ್ಮಲ್ಲಿ ಈ ಕೆಲಸಕ್ಕೆ ಸರ್ಕಾರಿ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಬಹುದು.

ಮೊದಲು ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಜೀವನದಲ್ಲಿ ಮುಂದೆ ಬರಬೇಕು’ ಎಂದರೆ ಸಾಲದು. ‘ತಂಡದವರು ತಪ್ಪು ಮಾಡಿದಾಗ ಮನಸ್ಸು ನೋಯಿಸದೆ, ಸ್ಪಷ್ಟವಾಗಿ ಹೇಳುವುದನ್ನು ಆರು ತಿಂಗಳಲ್ಲಿ ರೂಢಿಸಿಕೊಳ್ಳಬೇಕು’ ಎಂಬಷ್ಟು ಬಿಡಿಸಿ ಬರೆಯಿರಿ.

ಬರೆದದ್ದನ್ನು ಓದಿ, ಕೋಚ್ ಬೇಕೇ ಬೇಕಾ ಎಂದು ಯೋಚಿಸಿ. ಹೊಸ ಸಾಫ್ಟ್‌ವೇರ್ ಕಲಿಯಲು ತರಬೇತಿ ಸಾಕು. ನಿಮ್ಮದೇ ಕ್ಷೇತ್ರದ ಒಳಹೊರಗು ತಿಳಿಯಲು ಅನುಭವಿ ಹಿರಿಯರೊಬ್ಬರು ಸಿಕ್ಕರೆ ದುಡ್ಡೂ ಉಳಿಯುತ್ತದೆ. ರಾತ್ರಿ ನಿದ್ದೆಯಿಲ್ಲ, ಬೆಳಗಾದರೆ ಎದೆ ಡವಗುಟ್ಟುತ್ತದೆ ಎಂದಾದರೆ ಮಾತ್ರ ದಯವಿಟ್ಟು ಕೋಚ್ ಬಳಿ ಹೋಗಬೇಡಿ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಮುಂದಿನದು ಅರ್ಹತೆ. 1995ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ಮೊದಲ ಹಂತವಾದ ಎಸಿಸಿಗೆ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡನೆಯದಾದ ಪಿಸಿಸಿಗೆ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) 125 ಮತ್ತು 500, ಕೊನೆಯದಾದ ಎಂಸಿಸಿಗೆ (ಮಾಸ್ಟರ್ ಸರ್ಟಿಫೈಡ್ ಕೋಚ್) 200 ಮತ್ತು 2,500 ಗಂಟೆ. ಪ್ರಮಾಣಪತ್ರದ ಫೋಟೊ ನೋಡಿ ಸುಮ್ಮನಾಗದೆ ಸಂಸ್ಥೆಯ ಜಾಲತಾಣದಲ್ಲಿ ಹೆಸರು ಹುಡುಕಿ.

ಇಷ್ಟಾದರೂ ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಮೊದಲ ಮಾತುಕತೆಯಲ್ಲಿ. ಬಹಳಷ್ಟು ಕೋಚ್‌ಗಳು ಇದಕ್ಕೆ ಶುಲ್ಕ ಪಡೆಯುವುದಿಲ್ಲ. ಇಬ್ಬರು ಮೂವರ ಜೊತೆ ಮಾತಾಡಿ, ಎಲ್ಲರ ಮುಂದೆಯೂ ಒಂದೇ ಸಮಸ್ಯೆ ಇಡಿ: ‘ಮೀಟಿಂಗ್‌ನಲ್ಲಿ ನನಗೆ ಮಾತೇ ಹೊರಡುವುದಿಲ್ಲ.’ ಒಬ್ಬರು ತಮ್ಮ ಸಾಧನೆಯ ಕಥೆ ಶುರು ಮಾಡುತ್ತಾರೆ. ಇನ್ನೊಬ್ಬರು, ‘ಯಾರಿದ್ದಾಗ ಹೀಗಾಗುತ್ತದೆ? ಕಳೆದ ಸಲ ಏನು ಹೇಳಬೇಕೆಂದಿದ್ದಿರಿ?’ ಎಂದು ಕೇಳಿ, ನೀವು ಉತ್ತರ ಹುಡುಕುವವರೆಗೆ ಕಾಯುತ್ತಾರೆ. ಈ ಎರಡನೆಯವರು ನಿಮಗೆ ಬೇಕಾದವರು. ‘ಮೂರು ತಿಂಗಳಲ್ಲಿ ಸಂಬಳ ದುಪ್ಪಟ್ಟು’, ‘ಈ ಆಫರ್ ಇವತ್ತಿಗಷ್ಟೇ’ ಎನ್ನುವವರ ಬಣ್ಣದ ಮಾತಿಗೆ ಮರುಳಾಗಬೇಡಿ. ನಿಮಗೆ ಮನಸ್ಸು ಬಿಚ್ಚಲು ಕನ್ನಡವೇ ಸಲೀಸಾದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ.

ಶುಲ್ಕ, ಭೇಟಿಗಳ ಸಂಖ್ಯೆ, ನಡುವೆ ಬಿಟ್ಟರೆ ಹಣ ವಾಪಸಾಗುತ್ತದೆಯೇ ಎಂಬುದೆಲ್ಲ ಬರಹದಲ್ಲಿರಲಿ. ಕಂಪನಿಯೇ ಹಣ ಕೊಡುತ್ತಿದ್ದರೆ ಇನ್ನೂ ಒಂದು ಮಾತು ಕೇಳಲೇಬೇಕು: ನಾನು ಹೇಳಿದ್ದರಲ್ಲಿ ಎಚ್‌ಆರ್‌ಗೆ ಏನು ಹೋಗುತ್ತದೆ? ಎಷ್ಟು ಭೇಟಿಯಾಯಿತು, ಯಾವ ಗುರಿ ಎಂಬುದನ್ನು ತಿಳಿಸಿದರೆ ತಪ್ಪಿಲ್ಲ. ಮ್ಯಾನೇಜರ್ ಬಗ್ಗೆ ನೀವು ತೋಡಿಕೊಂಡ ಬೇಸರ ಆ ಕೋಣೆ ದಾಟಬಾರದು.

ವರ್ಷದ ಪ್ಯಾಕೇಜ್‌ಗೆ ಒಮ್ಮೆಲೇ ಹಣ ಕಟ್ಟಬೇಡಿ. ಮೂರು ಭೇಟಿ ಮುಗಿದ ಮೇಲೆ, ಬರೆದಿಟ್ಟ ಗುರಿಯ ಕಡೆಗೆ ಹೆಜ್ಜೆ ಸಾಗಿದೆಯೇ ಎಂದು ಇಬ್ಬರೂ ಕೂತು ನೋಡಿ. ಸಾಗಿಲ್ಲವೆಂದರೆ ನೇರವಾಗಿ ಹೇಳಿ. ಒಳ್ಳೆಯ ಕೋಚ್ ಮುನಿಸಿಕೊಳ್ಳದೆ ತಮಗಿಂತ ಸೂಕ್ತರಾದವರ ಹೆಸರು ಸೂಚಿಸುತ್ತಾರೆ.