ಕೈಪಿಡಿಯ ಚೌಕಟ್ಟಿನೊಳಗೇ ಒಂದು ರಸ್ತೆಯನ್ನು ಬದಲಿಸಿದ ನನ್ನ ಅನುಭವ

ಅಮೆರಿಕದ ಮಧ್ಯಮ ಗಾತ್ರದ ನಗರವೊಂದರಲ್ಲಿ ನಾನು ಸಂಚಾರ ಎಂಜಿನಿಯರ್ ಆಗಿ ಕೆಲಸ ಮಾಡುತ್ತೇನೆ. ಇಲ್ಲಿನ ಪ್ರತಿಯೊಂದು ಫಲಕ, ಸಿಗ್ನಲ್ ದೀಪ ಮತ್ತು ರಸ್ತೆಯ ಮೇಲಿನ ಬಣ್ಣದ ಗೆರೆ ಫೆಡರಲ್ ಹೆದ್ದಾರಿ ಆಡಳಿತದ ಏಕರೂಪ ಸಂಚಾರ ನಿಯಂತ್ರಣ ಕೈಪಿಡಿಗೆ, ಅಂದರೆ ಎಂಯುಟಿಸಿಡಿಗೆ, ಒಳಪಟ್ಟಿರುತ್ತದೆ. 1935ರಿಂದ ನಡೆದುಬಂದ ಈ ಏಕರೂಪತೆಯನ್ನು ನಾನು ಮನಸಾರೆ ಒಪ್ಪುತ್ತೇನೆ; ದೂರದ ರಾಜ್ಯದಿಂದ ಬಂದ ಚಾಲಕನಿಗೂ ನಿಲುಗಡೆ ಫಲಕ ಒಂದೇ ನೋಟಕ್ಕೆ ಅರ್ಥವಾಗಬೇಕು. ಆದರೆ ಸುರಕ್ಷಿತ ರಸ್ತೆ ಬೇಕೆಂದು ಬರುವ ನಿವಾಸಿಗಳಿಗೆ ‘ಕೈಪಿಡಿ ಒಪ್ಪುವುದಿಲ್ಲ’ ಎಂದು ಹೇಳಿ ಕಳುಹಿಸುವ ರೂಢಿಯನ್ನು ಒಪ್ಪಲಾರೆ, ಏಕೆಂದರೆ ಕೈಪಿಡಿ ತಡೆಯುವುದು ನಾವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ.

ನನಗೆ ಇದು ಮನದಟ್ಟಾದದ್ದು ನಾಲ್ಕು ಪಥಗಳ ಒಂದು ರಸ್ತೆಯ ಕೆಲಸದಲ್ಲಿ. ಒಂದು ಬದಿಗೆ ಬಸ್ ನಿಲ್ದಾಣ, ಇನ್ನೊಂದು ಬದಿಗೆ ಹಿರಿಯರ ವಸತಿ ಸಮುಚ್ಚಯ, ನಡುವೆ ತಂಗಲು ಜಾಗವೇ ಇಲ್ಲದ 48 ಅಡಿ ಡಾಂಬರು. ನಿವಾಸಿಗಳು ಸಿಗ್ನಲ್ ಕೇಳಿದ್ದರು. ಆಗ ಜಾರಿಯಲ್ಲಿದ್ದ 2009ರ ಆವೃತ್ತಿಯ ಪಾದಚಾರಿ ಮಾನದಂಡದಂತೆ, ವಾಹನ ದಟ್ಟಣೆ ಎಷ್ಟೇ ಇದ್ದರೂ, ಗರಿಷ್ಠ ಸಂಚಾರದ ಗಂಟೆಯಲ್ಲಿ ಕನಿಷ್ಠ 133 ಮಂದಿ ರಸ್ತೆ ದಾಟಬೇಕು. ವೇಗ 35 ಮೈಲಿ ಮೀರುವ ರಸ್ತೆಗಳಲ್ಲಿ ಇದು 93ಕ್ಕೆ ಇಳಿಯುತ್ತದೆ. ನಮ್ಮ ಎಣಿಕೆ ಅದರ ಹತ್ತಿರಕ್ಕೂ ಬರಲಿಲ್ಲ. ದಾಟಲು ಹೆದರಿ ಮನೆಯಲ್ಲೇ ಉಳಿದವರು ಯಾವ ಎಣಿಕೆಯಲ್ಲೂ ಸೇರುವುದಿಲ್ಲ ಎಂಬುದೇ ಈ ಮಾನದಂಡದ ಅತಿ ದೊಡ್ಡ ಕೊರತೆ ಎಂದು ನಾನು ಇಂದಿಗೂ ನಂಬುತ್ತೇನೆ.

ಸಿಗ್ನಲ್‌ಗೆ ಅರ್ಹತೆ ಇಲ್ಲವೆಂದು ಕಡತ ಮುಚ್ಚುವ ಬದಲು ಕೈಪಿಡಿಯನ್ನು ಮತ್ತೊಮ್ಮೆ ಓದಲು ಕುಳಿತೆ. ಅದರಲ್ಲಿರುವ ಮಾತುಗಳಿಗೆ ನಾಲ್ಕು ದರ್ಜೆಗಳಿವೆ: ಸ್ಟ್ಯಾಂಡರ್ಡ್ ಕಡ್ಡಾಯ, ಗೈಡೆನ್ಸ್ ಶಿಫಾರಸು, ಆಪ್ಷನ್ ನಮ್ಮ ಇಚ್ಛೆ, ಸಪೋರ್ಟ್ ಬರಿಯ ವಿವರಣೆ. ಶಿಫಾರಸಿನಿಂದ ಸರಿಯಬೇಕಾದರೆ ಎಂಜಿನಿಯರಿನ ವಿವೇಚನೆ ಅಥವಾ ಅಧ್ಯಯನದ ಆಧಾರ ಇರಬೇಕು. ಆ ಕಾರಣಗಳನ್ನು ಬರೆದಿಟ್ಟರೆ ಮುಂದೆ ನ್ಯಾಯಾಲಯದಲ್ಲಿ ಪ್ರಶ್ನೆ ಬಂದರೂ ಉತ್ತರವಿರುತ್ತದೆ. ಇದಕ್ಕಿಂತ ಮುಖ್ಯವಾಗಿ, ಈ ಕೈಪಿಡಿ ಫಲಕ, ಬಣ್ಣ, ದೀಪಗಳ ಕುರಿತು ಮಾತಾಡುತ್ತದೆಯೇ ಹೊರತು ಪಥ ಎಷ್ಟು ಇರಬೇಕು, ಎಷ್ಟು ಅಗಲವಿರಬೇಕು, ನಡುವೆ ದಾಟುವವರು ತಂಗಲು ಕಲ್ಲಿನ ದ್ವೀಪ ಇರಬೇಕೇ ಎಂಬುದನ್ನು ತೀರ್ಮಾನಿಸುವುದಿಲ್ಲ. ನಮ್ಮ ರಸ್ತೆಯ ನಿಜವಾದ ಕಾಯಿಲೆ ಇದ್ದದ್ದು ಅಲ್ಲಿಯೇ.

ಆ ರಸ್ತೆಗೆ ಹೇಗೂ ಹೊಸ ಡಾಂಬರು ಹಾಕುವ ಸರದಿ ಬಂದಿತ್ತು. ಗೆರೆಗಳನ್ನು ಮತ್ತೆ ಎಳೆಯಲೇಬೇಕಾದ ಆ ಹೊತ್ತಿನಲ್ಲಿ ವಿನ್ಯಾಸ ಬದಲಿಸಿದರೆ ಹೆಚ್ಚುವರಿ ಖರ್ಚು ಅಲ್ಪ. 12 ಅಡಿಯ ನಾಲ್ಕು ಪಥಗಳ ಬದಲು 11 ಅಡಿಯ ಎರಡು ಸಂಚಾರ ಪಥ, ನಡುವೆ ಎಡಕ್ಕೆ ತಿರುಗುವವರಿಗಾಗಿ 11 ಅಡಿಯ ಒಂದು ಪಥ, ಉಳಿದ 15 ಅಡಿಯಲ್ಲಿ ಎರಡೂ ಬದಿಗೆ ಸೈಕಲ್ ಪಥ ಮತ್ತು ಅಂತರಪಟ್ಟಿ ಎಂದು ಹಂಚಿದೆವು. ಇಂತಹ ಬದಲಾವಣೆಯಿಂದ ಅಪಘಾತಗಳು ಶೇ. 19ರಿಂದ 47ರಷ್ಟು ಇಳಿಯುತ್ತವೆ ಎಂದು ಫೆಡರಲ್ ಹೆದ್ದಾರಿ ಆಡಳಿತವೇ ಹೇಳುತ್ತದೆ. ವಾಹನ ನಿಬಿಡತೆಯ ಭಯದಿಂದ ವಿರೋಧಿಸಿದ ಅಂಗಡಿಯವರ ಮುಂದೆ ಈ ಅಂಕಿಯನ್ನೇ ಇಟ್ಟೆವು. ಬಸ್ ನಿಲ್ದಾಣದ ಎದುರು ನಡುಪಥದ ಜಾಗದಲ್ಲೇ 8 ಅಡಿಯ ದ್ವೀಪ ಕಟ್ಟಿದ್ದರಿಂದ ವೃದ್ಧರು ಒಮ್ಮೆಗೆ ಒಂದು ದಿಕ್ಕಿನ ಒಂದೇ ಪಥವನ್ನು ದಾಟಿದರೆ ಸಾಕಾಯಿತು. ನಿಲ್ದಾಣವನ್ನೂ ದಾಟುದಾರಿಯ ಆಚೆಗೆ ಸರಿಸಿದೆವು. ಇಳಿದವರು ಬಸ್ಸಿನ ಮುಂದಿನಿಂದಲ್ಲ, ಹಿಂದಿನಿಂದ ದಾಟುತ್ತಾರೆ.

ದ್ವೀಪದ ಜೊತೆಗೆ, ಗುಂಡಿ ಒತ್ತಿದಾಗ ವೇಗವಾಗಿ ಮಿನುಗುವ ಆಯತಾಕಾರದ ಹಳದಿ ದೀಪಗಳನ್ನೂ ಹಾಕಿದೆವು. ಅವು ಆಗಿನ ಆವೃತ್ತಿಯಲ್ಲಿ ಇರಲಿಲ್ಲ. 2018ರ ಮಧ್ಯಂತರ ಅನುಮೋದನೆಯ ಅಡಿಯಲ್ಲಿ ಲಿಖಿತವಾಗಿ ಕೋರಿ ಬಳಸಬೇಕಿತ್ತು. 2023ರ ಡಿಸೆಂಬರಿನಲ್ಲಿ ಪ್ರಕಟವಾದ 11ನೆಯ ಆವೃತ್ತಿಯಲ್ಲಿ ಅವು ಸೇರಿವೆ. ಸ್ಥಳೀಯ ನಗರಗಳು ಬಳಸಿ ನೋಡಿದ್ದು ರಾಷ್ಟ್ರೀಯ ನಿಯಮವಾಗುವುದು ಹೀಗೆಯೇ.

ವೇಗಮಿತಿಯನ್ನು ಇಳಿಸುವ ಕೆಲಸವನ್ನು ನಾವು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆವು. ಶೇ. 85ರಷ್ಟು ಚಾಲಕರು ಮೀರದ ವೇಗವನ್ನೇ ಮಿತಿಗೆ ಆಧಾರವಾಗಿ ಹಿಡಿಯುವ ಹಳೆಯ ಪದ್ಧತಿಯಲ್ಲಿ, ಅಗಲವಾದ ರಸ್ತೆ ತಾನೇ ಹೆಚ್ಚಿನ ಮಿತಿಯನ್ನು ಸಮರ್ಥಿಸಿಕೊಳ್ಳುತ್ತದೆ. ಹೊಸ ಆವೃತ್ತಿ ಸುತ್ತಲಿನ ಬಳಕೆ, ಪಾದಚಾರಿಗಳು, ಅಪಘಾತಗಳ ಇತಿಹಾಸವನ್ನೂ ಪರಿಗಣಿಸಲು ಹೇಳುತ್ತದೆ. ನಾವು ಪಥ ಕಿರಿದಾದ ಮೇಲೆ ಹೊಸದಾಗಿ ವೇಗ ಅಳೆದು, ಆ ಅಳತೆಯನ್ನೇ ಅಧ್ಯಯನದಲ್ಲಿ ಸೇರಿಸಿ, ನಂತರವೇ 30 ಮೈಲಿಯ ಫಲಕ ನೆಟ್ಟೆವು.